ಕಷ್ಟಕಾಲದ ದೇಶಭಕ್ತಿ

(ಬೆಂಗಳೂರಿನ ವಿಜಯನಗರದಲ್ಲಿ ಶಾಲಾ ಉಪಾಧ್ಯಾಯರೂ ನಾಗರಿಕರೂ ನೆರೆದಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಈ ಸಭೆಯನ್ನು ಕೂಡಿಸಿದ ಮಿತ್ರರು ನನ್ನ ಬಳಿಗೆ ಬಂದು, ಅಮೇರಿಕದವರ ದೇಶಾಭಿಮಾನ, ಅವರ ಆಶಾವಾದ, ಕಷ್ಟದಲ್ಲಿ ಅವರು ಹಿಡಿದ ಪಟ್ಟು, ಇವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕೇಳಿದರು. ನಾನು ಅಮೇರಿಕವನ್ನು ಕಂಡವನಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಈ ಪಡುವಣ ಬೆಂಗಳೂರಿನಲ್ಲಿ ಮಗನನ್ನೋ ಮಗಳನ್ನೋ ಆ ದೇಶಕ್ಕೆ ಕಳುಹಿಸಿರುವ ತಂದೆತಾಯಿಗಳು ಬಹುಮಂದಿ ಇದ್ದೀರಿ. ಅಲ್ಲಿಯ ಈಗಿನ ಸಂಗತಿಯನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ. ಆದುದರಿಂದ ನಾನು ಅಮೇರಿಕದ ಹಳೆಯ ಕಥೆಯೊಂದನ್ನು ಹೇಳಿ, ಅಲ್ಲಿಗೆ ಹೋಗಿ ಕಲಿತು, ಕಲಿತ ಮೇಲೆ ಹುಬ್ಬಳ್ಳಿಗೆ ಮರಳಿದ ನಮ್ಮ ನಾಡಿನ ಒಬ್ಬ ಮಹನೀಯರ ಮಾತನ್ನು ಮುಖ್ಯವಾಗಿ ಎತ್ತಿಕೊಳ್ಳುತ್ತೇನೆ.

ಅದಕ್ಕೆ ಮೊದಲು ನನ್ನ ವೃತ್ತಿಯ ಒಂದು ಅನುಭವವನ್ನು ನಿವೇದಿಸಲು ಅಪ್ಪಣೆಯಾಗಬೇಕು. ಕೆಂಗೇರಿಯ ಆಚೆಯ ಹಳ್ಳಿಯೊಂದರ ಮುದುಕಿಯೊಬ್ಬಳು ಹೊಲದ ಎಲ್ಲೆಯ ವಿಷಯವಾಗಿ ದಾವೆ ಹೂಡಿದ್ದಳು. ವಾಯಿದೆಯ ಮೇಲೆ ವಾಯಿದೆ ಬೀಳುತ್ತ ವರ್ಷಗಳು ಉರುಳಿದವು. ಪ್ರತಿ ವಾಯಿದೆಗೂ ಆಕೆ ಬುತ್ತಿ ಕಟ್ಟಿಕೊಂಡು ಬರುವಳು, ಮುಂದಿನ ತಾರೀಖನ್ನು ಕೇಳಿಕೊಂಡು ಹೋಗುವಳು. ಒಂದು ದಿನ ನನಗೇ ಮನಸ್ಸು ತಡೆಯದೆ, “ಅಜ್ಜೀ, ನಿನಗೆ ಬೇಸರವಾಗುವುದಿಲ್ಲವೇ? ಇಲ್ಲಿಂದ ಹೋಗಿ ಏನು ಮಾಡುತ್ತೀ?” ಎಂದು ಕೇಳಿದೆನು. “ಬದ ಕಟ್ತೀನಿ ಸ್ವಾಮಿ. ಮಳೆಗೆ ಬದ ಕರಗೋಯ್ತದೆ. ತೀರ್ಪು ಬರೋ ಹೊತ್ತಿಗೆ ಬದಾನೇ ಇಲ್ದಿದ್ರೆ, ಯಾವ್ದು ನಂದು ಅಂತ ತೋರ್ಸ್ಲಿ?” ಎಂದಳು.

ತೀರ್ಪು ಆಕೆಯ ಕೈಯಲ್ಲಿರಲಿಲ್ಲ, ಬದುವು ಆಕೆಯ ಕೈಯಲ್ಲಿತ್ತು. ‘ಎಲ್ಲವೂ ಒಳ್ಳೆಯದಾಗುವುದು’ ಎಂದು ಹೇಳಿಕೊಂಡು ಜಗಲಿಯ ಮೇಲೆ ಕುಳಿತಿರುವುದನ್ನು ನಾವು ಆಶಾವಾದವೆಂದು ಕರೆಯುವುದುಂಟು. ಆ ಮುದುಕಿ ನನಗೆ ಕಲಿಸಿದ ಆಶಾವಾದವು ಬೇರೆ ಬಗೆಯದು. ಒಳ್ಳೆಯ ದಿನ ಯಾವಾಗ ಬರುವುದೋ ತಿಳಿಯದು. ಆದರೂ ಅದು ಬಂದಾಗ ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಉಳಿದಿರಬೇಕೆಂದು ಈ ದಿನದ ಕೆಲಸವನ್ನು ಮಾಡುತ್ತಿರುವುದೇ ಅದು. ಈ ಅಳತೆಗೋಲನ್ನು ಹಿಡಿದು ಈಗ ದೊಡ್ಡ ದೇಶಗಳ ಚರಿತ್ರೆಯನ್ನು ನೋಡೋಣ.

ಅಮೇರಿಕದವರು ೧೭೭೬ನೆಯ ಜುಲೈ ತಿಂಗಳಲ್ಲಿ ತಾವು ಸ್ವತಂತ್ರರೆಂದು ಸಾರಿದರು. ಇಂಗ್ಲೆಂಡಿನ ಅರಸನು ಅದನ್ನು ಒಪ್ಪಿಕೊಂಡದ್ದು ೧೭೮೩ರ ಪ್ಯಾರಿಸ್ ಒಪ್ಪಂದದಲ್ಲಿ. ನಡುವಣ ಏಳು ವರ್ಷಗಳಲ್ಲಿ ಅವರ ದೇಶಭಕ್ತಿಗೆ ನಿಜವಾದ ಪರೀಕ್ಷೆ ನಡೆಯಿತು. ೧೭೭೭ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನನ ಸೈನ್ಯವು, ಸುಮಾರು ೧೨,೦೦೦ ಮಂದಿ, ಪೆನ್ಸಿಲ್ವೇನಿಯದ ವ್ಯಾಲಿ ಫೋರ್ಜ್ ಎಂಬಲ್ಲಿ ಚಳಿಗಾಲಕ್ಕಾಗಿ ಬೀಡು ಬಿಟ್ಟಿತು. ಅವರ ಮುಖ್ಯ ಪಟ್ಟಣವಾದ ಫಿಲಡೆಲ್ಫಿಯವು ಶತ್ರುಗಳ ವಶವಾಗಿತ್ತು. ಅನ್ನಕ್ಕೂ ಬಟ್ಟೆಗೂ ಪಾದರಕ್ಷೆಗೂ ಕೊರತೆ. ಮರದ ದಿಮ್ಮಿಗಳನ್ನು ಕಡಿದು ಗುಡಿಸಲುಗಳನ್ನು ಅವರೇ ಕಟ್ಟಿಕೊಳ್ಳಬೇಕಾಯಿತು. ಜೂನ್ ತಿಂಗಳಲ್ಲಿ ಬೀಡು ಕಿತ್ತುವ ಹೊತ್ತಿಗೆ ಸುಮಾರು ೨,೦೦೦ ಮಂದಿ ಸತ್ತಿದ್ದರು. ಕೊಂದದ್ದು ಗುಂಡಲ್ಲ, ಜ್ವರ ಮತ್ತು ಆಮಶಂಕೆ.

ಆದರೆ ಅದೇ ಬೀಡಿಗೆ ೧೭೭೮ರ ಫೆಬ್ರವರಿಯಲ್ಲಿ ಸ್ಟಾಯ್ಬೆನ್ ಎಂಬ ಪ್ರಷ್ಯದ ಸೇನಾಧಿಕಾರಿಯೊಬ್ಬನು ಬಂದನು. ಅವನಿಗೆ ಇಂಗ್ಲಿಷು ಬಾರದು. ದುಭಾಷಿಗಳನ್ನಿಟ್ಟುಕೊಂಡು, ಹಸಿದ ಆ ಜನರಿಗೆ ಹೆಜ್ಜೆ ಹಾಕುವುದನ್ನೂ, ಸಾಲು ಕಟ್ಟುವುದನ್ನೂ, ಬಂದೂಕನ್ನು ಹಿಡಿಯುವುದನ್ನೂ ಕಲಿಸಿದನು. ಬೀಡನ್ನು ಶುಚಿಯಾಗಿಡುವ ಕ್ರಮವನ್ನೂ ಹೇಳಿಕೊಟ್ಟನು. ಚಳಿಗಾಲ ಕಳೆದು ಹೊರಬಿದ್ದ ಸೈನ್ಯವು ಒಳಹೊಕ್ಕ ಸೈನ್ಯಕ್ಕಿಂತ ಗಟ್ಟಿಯಾಗಿತ್ತು. ಗೆಲುವಿನ ಸುಳಿವೇ ಇಲ್ಲದ ತಿಂಗಳುಗಳಲ್ಲಿ ಅವರು ಬದುವನ್ನು ಕಟ್ಟಿದರೆನ್ನಬಹುದು.

ಇಷ್ಟನ್ನು ಹೇಳಿ ಬಿಟ್ಟರೆ ವಕೀಲನಾದ ನಾನು ಪಾಟೀಸವಾಲಿಗೆ ಹೆದರಿದಂತಾಗುವುದು. ಸಕಲ ಮನುಷ್ಯರೂ ಸಮಾನರೆಂದು ಸಾರಿದ ಆ ದೇಶದಲ್ಲಿ ಗುಲಾಮಗಿರಿಯು ೧೮೬೫ರವರೆಗೂ ನಡೆಯಿತು. ನಮ್ಮವರ ಮೇಲೂ ಬಾಗಿಲು ಮುಚ್ಚಿತು. ೧೯೧೭ರ ಕಾಯಿದೆಯೊಂದು ಹಿಂದೂಸ್ಥಾನವೂ ಸೇರಿದಂತೆ ಏಷ್ಯಖಂಡದ ಬಹುಭಾಗದ ಜನ ಅಲ್ಲಿಗೆ ಬಂದು ನೆಲಸುವುದನ್ನು ನಿಷೇಧಿಸಿತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬದವರು ಆ ದೇಶದ ಸೈನ್ಯದಲ್ಲಿಯೇ ಸೇವೆ ಮಾಡಿದ್ದರೂ, ಹಿಂದೂಸ್ಥಾನದವನು ಅಲ್ಲಿಯ ಪೌರನಾಗಲು ಅರ್ಹನಲ್ಲವೆಂದು ೧೯೨೩ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆ ಅನ್ಯಾಯ ಸಡಿಲಿದ್ದು ೧೯೪೬ರಲ್ಲಿ. ಆಗಲೂ ವರ್ಷಕ್ಕೆ ನೂರು ಮಂದಿಗೆ ಮಾತ್ರ ಪ್ರವೇಶ. ಅಮೇರಿಕದ ದೇಶಾಭಿಮಾನವನ್ನು ಪೂಜಿಸಹೊರಡುವವರು ಈ ಸಾಕ್ಷ್ಯವನ್ನೂ ಓದಬೇಕು. ತಮ್ಮ ಸ್ವಾತಂತ್ರ್ಯಕ್ಕಾಗಿ ಎಂತಹ ಕಷ್ಟವನ್ನು ಸಹಿಸಿದ ಜನವೂ ಪರರ ಸ್ವಾತಂತ್ರ್ಯದ ವಿಷಯದಲ್ಲಿ ಕುರುಡಾಗಬಲ್ಲದು.

ಇಂತಹ ಅಮೇರಿಕದಲ್ಲಿ ಆ ಕಾಲಕ್ಕೆ ಇದ್ದವರು ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು. ೧೮೮೯ರಲ್ಲಿ ಹುಟ್ಟಿದ ಇವರು ಕಲಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಓದಿ, ಅನಂತರ ಸಮುದ್ರವನ್ನು ದಾಟಿ, ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯದ ಶಾಸ್ತ್ರವನ್ನು ಕಲಿತರು. ಅಲ್ಲಿ ಅವರಿಗೆ ಲಾಲಾ ಲಜಪತರಾಯರ ಸಹವಾಸ ದೊರೆಯಿತು. ಲಾಲಾಜಿಯವರು ೧೯೧೪ರ ಕೊನೆಯಲ್ಲಿ ಅಮೇರಿಕಕ್ಕೆ ಹೋದವರು, ಯುದ್ಧ ಮುಗಿಯುವ ತನಕ ಸ್ವದೇಶಕ್ಕೆ ಮರಳಲಾಗದೆ ಅಲ್ಲಿಯೇ ಉಳಿಯಬೇಕಾಯಿತು. ಅವರು ೧೯೧೭ರಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಂರೂಲ್ ಲೀಗನ್ನು ಸ್ಥಾಪಿಸಿ, ಮರುವರ್ಷ ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಹರ್ಡೀಕರರು ಆ ಕಾರ್ಯದಲ್ಲಿ ಅವರ ಬಲಗೈಯಾದರು.

ಕಾಲವನ್ನು ನೆನೆಯಿರಿ. ೧೯೧೭ರ ಏಪ್ರಿಲಿನಲ್ಲಿ ಅಮೇರಿಕವು ಇಂಗ್ಲೆಂಡಿನ ಪಕ್ಷದಲ್ಲಿ ಯುದ್ಧಕ್ಕೆ ಇಳಿದಿತ್ತು. ಅಂತಹ ಹೊತ್ತಿನಲ್ಲಿ, ಹಿಂದೂಸ್ಥಾನೀಯರಿಗೆ ಬಾಗಿಲು ಮುಚ್ಚಿದ ದೇಶದಲ್ಲಿ ನಿಂತು, ಹಿಂದೂಸ್ಥಾನಕ್ಕೆ ಸ್ವರಾಜ್ಯ ಬೇಕೆಂದು ಅಪರಿಚಿತರ ಮುಂದೆ ಮಾತನಾಡುವುದು, ಕರಪತ್ರಗಳನ್ನು ಹಂಚುವುದು, ಪತ್ರಿಕೆಗೆ ಚಂದಾದಾರರನ್ನು ಕೂಡಿಸುವುದು! ಓದಿದ ಡಾಕ್ಟರಿಗೆ ಇದಕ್ಕಿಂತ ಸುಖವಾದ ದಾರಿಗಳಿದ್ದವು. ೧೯೨೧ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಊರೂರು ತಿರುಗಿ ಜನರನ್ನು ಕೂಡಿಸುವ ಪದ್ಧತಿಯನ್ನು, ಸಣ್ಣ ಕೆಲಸವನ್ನೂ ಕ್ರಮದಿಂದ ಮಾಡುವ ಅಭ್ಯಾಸವನ್ನು ಅವರು ಅಲ್ಲಿಂದ ಹೊತ್ತು ತಂದರೆಂದು ಅವರ ಮುಂದಿನ ಬಾಳನ್ನು ನೋಡಿದರೆ ಹೇಳಬಹುದು. ಹುಬ್ಬಳ್ಳಿಯಲ್ಲಿ ತರುಣರನ್ನು ಸೇರಿಸಿ ಸೇವಾಮಂಡಲವನ್ನು ಕಟ್ಟಿದರು.

ಅದರ ಪರೀಕ್ಷೆ ಬಹುಬೇಗ ಬಂದಿತು. ೧೯೨೨ರಲ್ಲಿ ಚೌರಿಚೌರದ ಘಟನೆಯ ತರುವಾಯ ಮಹಾತ್ಮರು ಚಳವಳಿಯನ್ನು ನಿಲ್ಲಿಸಿದರು. ಅವರಿಗೆ ಆರು ವರ್ಷದ ಶಿಕ್ಷೆಯಾಯಿತು. ದೇಶದ ಮೇಲೆ ನಿರಾಶೆಯ ಮಂಜು ಕವಿಯಿತು. ಮರುವರ್ಷ ನಾಗಪುರದಲ್ಲಿ, ರಾಷ್ಟ್ರಧ್ವಜವನ್ನು ಹಿಡಿದು ಸರ್ಕಾರಿ ಅಧಿಕಾರಿಗಳ ವಸತಿಯ ಬೀದಿಗಳಲ್ಲಿ ನಡೆಯಕೂಡದೆಂಬ ಅಪ್ಪಣೆಯನ್ನು ಮುರಿಯಲು ಧ್ವಜಸತ್ಯಾಗ್ರಹವು ಆರಂಭವಾಯಿತು. ೧೯೨೩ರ ಮೇ ೧ರಿಂದ ಆಗಸ್ಟಿನವರೆಗೆ ದೇಶದ ಮೂಲೆಮೂಲೆಗಳಿಂದ ಸ್ವಯಂಸೇವಕರು ಬಂದು ಸೆರೆಮನೆಯನ್ನು ಹೊಕ್ಕರು. ಒಳಗಿನ ಕಷ್ಟ ಅಸಹನೀಯವಾಗಿತ್ತು. ಕ್ಷಮಾಪಣೆಯ ಮುಚ್ಚಳಿಕೆಗೆ ಒಂದು ರುಜು ಹಾಕಿದರೆ ಬಿಡುಗಡೆ. ಅನೇಕರು ಹಾಕಿದರು. ಹುಬ್ಬಳ್ಳಿಯ ಸೇವಾಮಂಡಲದವರು ಹಾಕಲಿಲ್ಲ.

ಮಹನೀಯರೇ, ಒಂದು ರುಜುವಿನ ಬೆಲೆ ನಮ್ಮ ವೃತ್ತಿಯವರಿಗೆ ಗೊತ್ತು. ರುಜು ಹಾಕಿದವರನ್ನು ನಾನು ಹಳಿಯಲಾರೆ; ಹೊರಗೆ ಹೆಂಡಿರು ಮಕ್ಕಳಿದ್ದರು, ಒಳಗೆ ಬೆನ್ನು ಮುರಿಯುವ ದುಡಿಮೆಯಿತ್ತು. ಹಾಗಾದರೆ ಹುಬ್ಬಳ್ಳಿಯವರು ಮಾತ್ರ ಹೇಗೆ ನಿಂತರು? ಅವರ ರಕ್ತ ಬೇರೆಯದಲ್ಲ. ಅವರು ಸೆರೆಮನೆಗೆ ಹೋಗುವ ಮುನ್ನವೇ ಒಟ್ಟಿಗೆ ಏಳುವುದು, ಒಟ್ಟಿಗೆ ದುಡಿಯುವುದು, ಒಬ್ಬನ ಮಾತನ್ನು ಎಲ್ಲರೂ ಕಾಯುವುದು ಎಂಬ ಶಿಸ್ತಿಗೆ ಒಗ್ಗಿದ್ದರು. ಈ ಸಂಗತಿಯು ದೇಶದ ಮುಖಂಡರ ಕಣ್ಣಿಗೆ ಬಿದ್ದಿತು. ಅದೇ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಕಾಲಕ್ಕೆ ಹಿಂದೂಸ್ಥಾನೀ ಸೇವಾದಳವು ಹುಟ್ಟಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರು, ಹರ್ಡೀಕರರು ಅದರ ಪ್ರಾಣ. ಇಡೀ ಹಿಂದೂಸ್ಥಾನಕ್ಕೆ ಸೇವೆಯ ಶಿಸ್ತನ್ನು ಕಲಿಸಿದ ಪಾಠಶಾಲೆಯು ನಮ್ಮ ಹುಬ್ಬಳ್ಳಿಯಲ್ಲಿತ್ತೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು?

ನಾವು ಕುಳಿತಿರುವ ಈ ಬಡಾವಣೆಯ ಹೆಸರು ವಿಜಯನಗರ. ಮತ್ತೊಂದು ವಿಜಯನಗರವು ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಎದ್ದಿತು. ಮಹಾತ್ಮರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಕಟ್ಟಿದ ಆ ಬೀಡಿಗೆ ನಮ್ಮವರು ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದು ಕರೆದರು. ಬಿದಿರು ಬಟ್ಟೆಗಳ ಬೀಡು ಅಂದೇ ಕರಗಿತು. ಬಾವಿಯು ಇಂದಿಗೂ ಇದೆ. ಅಷ್ಟು ಜನಕ್ಕೆ ನೀರು, ಶುಚಿತ್ವ, ಕಾವಲು, ಇವುಗಳ ಭಾರವನ್ನು ಸ್ವಯಂಸೇವಕರು ಹೊತ್ತರು. ಅದೇ ಸಮಯದಲ್ಲಿ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ಣಾಟಕ ಏಕೀಕರಣ ಪರಿಷತ್ತೂ ಸೇರಿತು. ಗದಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರ ನಾಡಗೀತೆಯು ಬೆಳಗಾವಿಯಲ್ಲಿ ಮೊಳಗಿದ್ದು ಆಗಲೇ. ಸ್ವರಾಜ್ಯದ ಆಶೆಯೂ ಕನ್ನಡ ನಾಡು ಒಂದಾಗುವ ಆಶೆಯೂ ಒಂದೇ ಚಪ್ಪರದ ಕೆಳಗೆ ಕುಳಿತವು.

ಆ ಬೀಡಿನಲ್ಲಿ ದುಡಿದವರಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರಿದ್ದರು. ಅವರನ್ನು ಮನೆಮನೆಗೆ ಹೋಗಿ ಕರೆತಂದವರು ಉಮಾಬಾಯಿ ಕುಂದಾಪುರ ಅವರು. ೧೮೯೨ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆಕೆಗೆ ಬಾಲ್ಯದಲ್ಲಿಯೇ ವಿವಾಹವಾಯಿತು. ಮಾವನವರಾದ ಆನಂದರಾಯರು ಸೊಸೆಯನ್ನು ಓದಿಸಿದರು. ಎಳೆವಯಸ್ಸಿನಲ್ಲಿಯೇ ಪತಿ ತೀರಿಕೊಂಡರು. ಮಾವ ಸೊಸೆ ಹುಬ್ಬಳ್ಳಿಗೆ ಬಂದು ನೆಲಸಿದರು. ಅಲ್ಲಿ ಮುದ್ರಣಾಲಯ, ಬಾಲಕಿಯರ ಶಾಲೆ, ಭಗಿನೀ ಮಂಡಲ ನಡೆದವು. ಸೇವಾದಳದ ಸ್ತ್ರೀವಿಭಾಗದ ಹೊಣೆಯನ್ನು ಹರ್ಡೀಕರರು ಆಕೆಗೆ ಒಪ್ಪಿಸಿದರು. ೧೯೩೨ರಲ್ಲಿ ಸರ್ಕಾರವು ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿಯವರು ನಾಲ್ಕು ತಿಂಗಳು ಯೆರವಡೆಯ ಸೆರೆಯಲ್ಲಿದ್ದರು. ಅವರು ಒಳಗಿದ್ದಾಗಲೇ ತಂದೆಯಂತಿದ್ದ ಮಾವನವರು ತೀರಿಹೋದರು. ಬಿಡುಗಡೆಯಾಗಿ ಹೊರಬಂದು ನೋಡಿದರೆ ಮುದ್ರಣಾಲಯ ಮುಟ್ಟುಗೋಲಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನೀ ಮಂಡಲವು ಕಾಯಿದೆಬಾಹಿರವಾಗಿತ್ತು.

ಇನ್ನು ಮಾಡತಕ್ಕದ್ದೇನು? ಅಳುವುದಕ್ಕೂ ಕಾರಣವಿತ್ತು, ಕೈಬಿಡುವುದಕ್ಕೂ ಕಾರಣವಿತ್ತು. ಆಕೆ ಉಳಿದದ್ದರಿಂದಲೇ ಮತ್ತೆ ಕೆಲಸವನ್ನು ಆರಂಭಿಸಿದರು. ೧೯೪೬ರಲ್ಲಿ ಮಹಾತ್ಮರು ಕಸ್ತೂರಬಾ ನಿಧಿಯ ಕರ್ಣಾಟಕ ಶಾಖೆಯನ್ನು ಆಕೆಗೆ ವಹಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಪದವಿಯನ್ನಾಗಲಿ, ವೇತನವನ್ನಾಗಲಿ ಬಯಸದೆ, ಹುಬ್ಬಳ್ಳಿಯ ಸಣ್ಣದೊಂದು ಮನೆಯಲ್ಲಿ ಬಾಳಿ, ೧೯೯೨ರಲ್ಲಿ, ನೂರು ವರ್ಷ ತುಂಬಿದ ಕಾಲಕ್ಕೆ ಕಣ್ಣು ಮುಚ್ಚಿದರು. ಹರ್ಡೀಕರರೂ ಸುಮ್ಮನಿರಲಿಲ್ಲ. ೧೯೨೯ರಲ್ಲಿ ಘಟಪ್ರಭೆಯಲ್ಲಿ ಸ್ಥಾಪಿತವಾದ ಕರ್ಣಾಟಕ ಆರೋಗ್ಯಧಾಮಕ್ಕೆ ದುಡಿದರು, ಸ್ವತಂತ್ರ ಭಾರತದ ರಾಜ್ಯಸಭೆಯಲ್ಲಿ ಹತ್ತು ವರ್ಷ ಸದಸ್ಯರಾಗಿದ್ದು, ೧೯೭೫ರಲ್ಲಿ ದಿವಂಗತರಾದರು.

ನಮ್ಮ ನಾಡು ಒಂದಾದ ಕಥೆಯೂ ಇದೇ ಮಾದರಿಯದು. ಧಾರವಾಡದಲ್ಲಿ ಕರ್ಣಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದು ೧೮೯೦ರಲ್ಲಿ. ಕನ್ನಡಿಗರೆಲ್ಲರೂ ಒಂದಾದದ್ದು ೧೯೫೬ರ ನವೆಂಬರ್ ೧ರಂದು. ಅರುವತ್ತಾರು ವರ್ಷಗಳ ವಾಯಿದೆ! ಸ್ವರಾಜ್ಯ ಬಂದ ಮೇಲೂ ತೀರ್ಪು ಮುಂದಕ್ಕೆ ಹೋಯಿತು. ೧೯೪೮ರಲ್ಲಿ ದಾರ್ ಆಯೋಗವು ಭಾಷಾಪ್ರಾಂತಗಳು ಬೇಡವೆಂದಿತು. ಮರುವರ್ಷ ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿಯು ಈಗ ಕಾಲವಲ್ಲವೆಂದಿತು. ೧೯೫೩ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ಆಲೂರು ವೆಂಕಟರಾಯರು ತಮ್ಮ ವಕೀಲಿಯನ್ನು ಬಿಟ್ಟು ಬಾಳೆಲ್ಲ ಬರೆದರು, ತಿರುಗಿದರು, ಸಾಲ ಮಾಡಿದರು. ಅವರು ಆ ದಿನವನ್ನು ಕಂಡರು. ಮಂಗಳೂರಿನ ವಕೀಲರಾದ ಕಾರ್ನಾಡ ಸದಾಶಿವರಾಯರು ತಮ್ಮ ಸಿರಿಯನ್ನೆಲ್ಲ ದೇಶಕಾರ್ಯಕ್ಕೆ ಸುರಿದು, ಬಡವರಾಗಿ, ೧೯೩೭ರಲ್ಲಿ ತೀರಿಕೊಂಡರು. ಅವರು ಸ್ವರಾಜ್ಯವನ್ನೂ ಕಾಣಲಿಲ್ಲ, ಏಕೀಕರಣವನ್ನೂ ಕಾಣಲಿಲ್ಲ. ಬದುವನ್ನು ಕಟ್ಟಿದವರಿಗೆಲ್ಲ ಬೆಳೆ ದೊರೆಯುವುದಿಲ್ಲವೆಂಬುದನ್ನು ನಾವು ಮರೆಯಬಾರದು. ಒಂದಾದ ದಿನವೇ ಕಾಸರಗೋಡು ಕೇರಳಕ್ಕೆ ಸೇರಿಹೋಯಿತೆಂಬುದನ್ನೂ ಮರೆಯಬಾರದು. ಅಲ್ಲಿಯ ಕನ್ನಡ ಶಾಲೆಗಳ ಉಪಾಧ್ಯಾಯರು ಅಂದಿನಿಂದ ಇಂದಿನವರೆಗೆ ಯಾವ ಜಯಘೋಷವೂ ಇಲ್ಲದೆ ನಡೆಸಿಕೊಂಡು ಬಂದಿರುವ ಪಾಠವು ನಮ್ಮ ಎಲ್ಲ ಮೆರವಣಿಗೆಗಳಿಗಿಂತ ದೊಡ್ಡ ದೇಶಸೇವೆ.

ಇಲ್ಲಿ ಒಬ್ಬರು ಏಳಬಹುದು. “ಸ್ವಾಮೀ, ಆಶಾವಾದವು ಹೊಟ್ಟೆ ತುಂಬಿದವರ ಮಾತು, ಹಸಿದವನಿಗೆ ದೇಶವೆಲ್ಲಿ, ಧ್ವಜವೆಲ್ಲಿ?” ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಸಾಕ್ಷಿ ನಮ್ಮ ಮಗ್ಗುಲಲ್ಲಿಯೇ ಇದೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಹಾಳಾಯಿತು. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆಗ ಕ್ಷಾಮಪರಿಹಾರದ ಕೂಲಿಕೆಲಸವಾಗಿ ಬೆಂಗಳೂರು ಮೈಸೂರು ರೈಲುದಾರಿಗೆ ಮಣ್ಣಿನ ಏರಿಯನ್ನು ಹಾಕಿಸಿದರು. ಕೆಂಗೇರಿಯ ಮೇಲೆ ಹಾದು ೧೮೮೨ರಲ್ಲಿ ಮೈಸೂರನ್ನು ಮುಟ್ಟಿದ ದಾರಿ ಅದೇ. ಮಂಕರಿಯಲ್ಲಿ ಮಣ್ಣು ಹೊತ್ತ ಆ ಜನರನ್ನು ದೇಶಭಕ್ತರೆಂದು ಕರೆದು ಅವರ ಸಂಕಟಕ್ಕೆ ಹೂಮಾಲೆ ಹಾಕಲು ನನಗೆ ಹಕ್ಕಿಲ್ಲ. ಅವರು ದುಡಿದದ್ದು ಒಂದು ಹೊತ್ತಿನ ಗಂಜಿಗಾಗಿ. ಹಸಿದವನಿಗೆ ಮೊದಲು ಅನ್ನ ಸಿಗಬೇಕು, ದೇಶಭಕ್ತಿಯ ಉಪದೇಶ ಆಮೇಲೆ. ಆದರೆ ಅವರು ಹೊತ್ತ ಮಣ್ಣಿನ ಜಾಡಿನಲ್ಲಿ ಇಂದಿಗೂ ನಾವು ರೈಲಿನಲ್ಲಿ ಹೋಗುತ್ತಿದ್ದೇವೆ. ಹೊಟ್ಟೆ ತುಂಬಿದ ನಮಗೆ ಅವರ ಋಣವಿದೆ. ನಿರಾಶೆಯಿಂದ ಕೈಕಟ್ಟಿ ಕೂರುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಅವರಿಗೆ, ನಮಗಂತೂ ಇಲ್ಲ.

ಕಡೆಗೆ, ನಮ್ಮ ಕೈಯಲ್ಲಿರುವ ಕೆಲಸದ ಮಾತು. ಹುಬ್ಬಳ್ಳಿಯ ತರುಣರು ಸೆರೆಮನೆಯಲ್ಲಿ ಕ್ಷಮಾಪಣೆ ಬರೆಯದೆ ಉಳಿದದ್ದು ಒಂದು ಧ್ವಜಕ್ಕಾಗಿ. ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಕೈನೂಲಿನ ಬಟ್ಟೆಯಿಂದ ರಾಷ್ಟ್ರಧ್ವಜವನ್ನು ತಯಾರಿಸುತ್ತಾರೆ. ಬಣ್ಣ, ಅಳತೆ, ನೂಲಿನ ಎಣಿಕೆ, ಚಕ್ರದ ಇಪ್ಪತ್ತನಾಲ್ಕು ಅರೆಗಳು, ಇವುಗಳಲ್ಲಿ ಒಂದು ಕೂದಲೆಳೆಯೂ ತಪ್ಪದಂತೆ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಸರ್ಕಾರವು ಅನುಮತಿಯಿತ್ತಿತು. ಅಗ್ಗದ ಧ್ವಜವು ಬಡವನ ಮನೆಯ ಮೇಲೂ ಹಾರಲಿ ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ೨೦೨೨ರಲ್ಲಿ, ದೇಶವೆಲ್ಲ ಧ್ವಜಗಳಿಂದ ತುಂಬಿದ ಹೊತ್ತಿನಲ್ಲಿಯೇ, ಬೆಂಗೇರಿಯ ಆ ಹೆಣ್ಣುಮಕ್ಕಳು ತಮಗೆ ಕೆಲಸ ಕಡಮೆಯಾಯಿತೆಂದು ಮೊರೆಯಿಡಬೇಕಾಯಿತು. ದೇಶಾಭಿಮಾನವು ಉಕ್ಕಿದಷ್ಟೂ ಅದನ್ನು ನೇಯ್ದ ಕೈ ಬರಿದಾಯಿತೆಂದರೆ, ಆ ಉಕ್ಕಿನಲ್ಲಿ ಎಲ್ಲಿಯೋ ದೋಷವಿದೆ.

ಉಪಾಧ್ಯಾಯ ಬಂಧುಗಳೇ, ನಿಮ್ಮ ಶಾಲೆಯ ಕಂಬದ ಮೇಲೆ ಹಾರುವ ಒಂದು ಧ್ವಜವಾದರೂ ಬೆಂಗೇರಿಯ ಕೈನೂಲಿನದಾಗಿರಲಿ. ಅದನ್ನು ಏರಿಸುವ ಮುನ್ನ ನಾಗಪುರದ ಕಥೆಯನ್ನೂ, ಉಮಾಬಾಯಿಯವರ ಕಥೆಯನ್ನೂ ಮಕ್ಕಳಿಗೆ ಹತ್ತು ನಿಮಿಷ ಹೇಳಿರಿ. ಏರಿಸಿದ ತರುವಾಯ ಮಕ್ಕಳನ್ನು ಕರೆದುಕೊಂಡು ಹೋಗಿ ಶಾಲೆಯ ಮುಂದಿನ ಬೀದಿಯನ್ನು ಗುಡಿಸಿರಿ; ಸೇವಾದಳದವರು ಬೆಳಗಾವಿಯಲ್ಲಿ ಮಾಡಿದ ದೇಶಸೇವೆಯ ಬಹುಭಾಗವು ಇಂತಹ ಕೆಲಸವೇ. ಕೆಂಗೇರಿಯ ಮಗ್ಗುಲಲ್ಲಿ ಕೊಳೆತು ಹರಿಯುತ್ತಿರುವ ವೃಷಭಾವತಿಯನ್ನು ಒಮ್ಮೆ ತೋರಿಸಿ, ಇದು ನದಿ, ಇದಕ್ಕೆ ಹೆಸರಿದೆ, ಇದು ನಮ್ಮದು ಎಂದು ಹೇಳಿರಿ. ಅದು ನಾಳೆಯೇ ತಿಳಿಯಾಗುವುದೆಂದು ಸುಳ್ಳು ಭರವಸೆಯನ್ನು ಕೊಡಬೇಡಿರಿ. ಅದನ್ನು ತಿಳಿಮಾಡುವವರ ಸಾಲಿನಲ್ಲಿ ತಾವೂ ನಿಲ್ಲಬೇಕಾಗುವುದೆಂಬುದನ್ನು ಮಾತ್ರ ಮನಗಾಣಿಸಿರಿ.

ಆ ಮುದುಕಿಯ ದಾವೆ ಏನಾಯಿತೆಂದು ನಿಮ್ಮಲ್ಲಿ ಕೆ­ಲವರು ಯೋಚಿಸುತ್ತಿರಬಹುದು. ತೀರ್ಪು ಆಕೆಯ ಪರವಾಗಿಯೇ ಆಯಿತು. ಎಲ್ಲೆಯನ್ನು ಅಳೆಯಲು ಅಮೀನನೂ ಸರ್ವೆಯವನೂ ಬಂದ ದಿನ ನಾನೂ ಹೋಗಿದ್ದೆನು. ಹೊಲದ ಮೂರು ಕಡೆ ಬದುವು ನೇರವಾಗಿ, ಹುಲ್ಲು ಹಿಡಿದು ನಿಂತಿತ್ತು. ನಾಲ್ಕನೆಯ ಕಡೆಯಲ್ಲಿ ಹಿಂದಿನ ರಾತ್ರಿಯ ಮಳೆಗೆ ಒಂದು ಮಾರಿನಷ್ಟು ಕುಸಿದಿತ್ತು. ನಾವು ಅಳೆಯುತ್ತಿದ್ದಾಗಲೇ ಆಕೆ ಸೆರಗನ್ನು ಸಿಕ್ಕಿಸಿಕೊಂಡು ಅಲ್ಲಿಗೆ ಮಣ್ಣು ಹಾಕುತ್ತಿದ್ದಳು.